ಹದಿನಾರಕ್ಕೆ ಮಿಂಚಿದವರು ಇಪ್ಪತ್ತೆರಡಕ್ಕೂ ಮಿಂಚಬೇಕೆಂದರೆ

ಫಿಫಾ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಅತ್ಯುತ್ತಮ ಆಟಗಾರನಿಗೆ ಗೋಲ್ಡನ್ ಬಾಲ್ ಕೊಡುತ್ತಾರೆ. 2003ರಲ್ಲಿ ಅದನ್ನು ಪಡೆದವನು ಸೆಸ್ಕ್ ಫ್ಯಾಬ್ರೆಗಾಸ್. 2007ರಲ್ಲಿ ಟೋನಿ ಕ್ರೂಸ್. 2017ರಲ್ಲಿ ನಮ್ಮ ಕೋಲ್ಕತ್ತದ ಫೈನಲ್‌ನಲ್ಲಿ ಎರಡು ಗೋಲು ಹೊಡೆದ ಫಿಲ್ ಫೋಡೆನ್. ಈ ಮೂವರನ್ನು ಫುಟ್‌ಬಾಲ್ ನೋಡುವ ಎಲ್ಲರೂ ಬಲ್ಲರು. ಅದೇ ಪ್ರಶಸ್ತಿಯನ್ನು 2009ರಲ್ಲಿ ನೈಜೀರಿಯಾದ ಸಾನಿ ಇಮ್ಯಾನುಯೆಲ್, 2011ರಲ್ಲಿ ಮೆಕ್ಸಿಕೋದ ಜೂಲಿಯೋ ಗೋಮೆಸ್ ಗೆದ್ದಿದ್ದರು. ತಲೆಗೆ ಬ್ಯಾಂಡೇಜ್ ಸುತ್ತಿಕೊಂಡು ಆಡುತ್ತಿದ್ದ ಗೋಮೆಸ್, ಜರ್ಮನಿ ವಿರುದ್ಧದ ಸೆಮಿಫೈನಲ್‌ನ ಕೊನೆ ಗಳಿಗೆಯಲ್ಲಿ ಬೈಸಿಕಲ್ ಕಿಕ್ ಹೊಡೆದು ತನ್ನ ದೇಶವನ್ನು ಫೈನಲ್‌ಗೆ ಒಯ್ದ. ಆ ಗೋಲನ್ನು ಜನ ಈಗಲೂ ನೋಡುತ್ತಾರೆ. ಹೊಡೆದವನು ಹಿರಿಯರ ಫುಟ್‌ಬಾಲಿನಲ್ಲಿ ನೆಲೆಯೂರಲೇ ಇಲ್ಲ.

ಕೌಶಲ ಸಾಲದೆ ಹಿಂದೆ ಬಿದ್ದವರು ಇಂಥವರಲ್ಲಿ ಕಡಿಮೆ. ಹದಿನಾರರಿಂದ ಇಪ್ಪತ್ತೊಂದರವರೆಗಿನ ಐದು ವರ್ಷಗಳಲ್ಲಿ ಯಾರ್ಯಾರು ಯಾವ ತೀರ್ಮಾನ ತೆಗೆದುಕೊಂಡರು ಎಂಬುದರ ಮೇಲೆ ಎಲ್ಲ ನಿಂತಿರುತ್ತದೆ. ಅವುಗಳಲ್ಲಿ ಬಹಳಷ್ಟು ತೀರ್ಮಾನ ಹುಡುಗನದಲ್ಲ, ದೊಡ್ಡವರದು. ಹಾಗಾಗಿ ಮುಂದಿನ ಮಾತುಗಳಲ್ಲಿ ಕೆಲವು ಬೂಟು ಕಟ್ಟುವವನಿಗೆ, ಕೆಲವು ಅವನಿಗೆ ಬೂಟು ಕೊಡಿಸುವವರಿಗೆ.

1. ದೊಡ್ಡ ಕ್ಲಬ್ ಬೇಡ, ಆಡಿಸುವ ಕ್ಲಬ್ ಹುಡುಕು

ನಾರ್ವೆಯ ಮಾರ್ಟಿನ್ ಓಡೆಗಾರ್ಡ್ 2015ರ ಜನವರಿಯಲ್ಲಿ ರಿಯಲ್ ಮ್ಯಾಡ್ರಿಡ್ ಸೇರಿದಾಗ ಅವನಿಗೆ ಹದಿನಾರು. ಯುರೋಪಿನ ದೊಡ್ಡ ದೊಡ್ಡ ಕ್ಲಬ್ಬುಗಳು ಅವನ ಹಿಂದೆ ಬಿದ್ದಿದ್ದವು. ಆಮೇಲಿನ ಎರಡು ವರ್ಷ ಅವನು ಆಡಿದ್ದು ಹೆಚ್ಚಾಗಿ ಮ್ಯಾಡ್ರಿಡ್‌ನ ಎರಡನೇ ತಂಡದಲ್ಲಿ. ಹದಿನೆಂಟು ತುಂಬುವಷ್ಟರಲ್ಲಿ ಈ ಹುಡುಗನ ಕಥೆ ಮುಗಿಯಿತೆಂಬ ಮಾತು ಶುರುವಾಗಿತ್ತು. ಅವನನ್ನು ಉಳಿಸಿದ್ದು ನೆದರ್‌ಲೆಂಡ್ಸ್‌ನ ಲೀಗ್. 2017ರಲ್ಲಿ ಹೇರನ್‌ವೇನ್‌ಗೆ ಲೋನ್ ಮೇಲೆ ಹೋದ, ಅದರ ನಂತರ ವಿಟೆಸ್‌ಗೆ. ಎರಡೂ ಸಾಧಾರಣ ಕ್ಲಬ್ಬುಗಳು, ಆದರೆ ಅವನನ್ನು ವಾರವಾರವೂ ಮೈದಾನಕ್ಕಿಳಿಸಿದವು. ಅಲ್ಲಿಂದ ರಿಯಲ್ ಸೊಸೈಡಾಡ್, 2021ರಲ್ಲಿ ಆರ್ಸೆನಲ್, ಮರುವರ್ಷ ಅದರ ನಾಯಕತ್ವ.

ನಮ್ಮಲ್ಲೂ ಇದಕ್ಕೆ ಸಾಕ್ಷಿಯಿದೆ. 2017ರ ಅಕ್ಟೋಬರ್ 9ರಂದು ದೆಹಲಿಯಲ್ಲಿ ಕೊಲಂಬಿಯಾ ವಿರುದ್ಧ ಜೀಕ್ಸನ್ ಸಿಂಗ್ ಹೆಡ್ ಮಾಡಿದ ಗೋಲು, ಫಿಫಾ ವಿಶ್ವಕಪ್ ಟೂರ್ನಿಯೊಂದರಲ್ಲಿ ಭಾರತದ ಮೊದಲ ಗೋಲು. ಟೂರ್ನಿ ಮುಗಿದದ್ದೇ ತಡ, ಆ ಹುಡುಗರಲ್ಲಿ ಹಲವರನ್ನು ಇಂಡಿಯನ್ ಆರೋಸ್ ಎಂಬ ತಂಡ ಕಟ್ಟಿ ಐ-ಲೀಗ್‌ಗೆ ಇಳಿಸಿದರು. ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆದರೆ ಪ್ರತಿ ಪಂದ್ಯದಲ್ಲೂ ಮೀಸೆ ಬಂದ ಗಂಡಸರ ಭುಜಕ್ಕೆ ಭುಜ ಕೊಟ್ಟು ಆಡಿದರು. ಜೀಕ್ಸನ್ ಮತ್ತು ಬೆಂಗಳೂರು ಎಫ್‌ಸಿಯಲ್ಲಿ ಹೆಸರು ಮಾಡಿದ ಸುರೇಶ್ ಸಿಂಗ್ ವಾಂಗ್‌ಜಮ್ ಹಿರಿಯರ ಭಾರತ ತಂಡಕ್ಕೆ ಬಂದದ್ದು ಆ ಬಾಗಿಲಿನಿಂದಲೇ. 2022ರಲ್ಲಿ ಆರೋಸ್ ತಂಡವನ್ನು ಮುಚ್ಚಿದ್ದು ನಮ್ಮ ಫುಟ್‌ಬಾಲಿಗಾದ ನಿಜವಾದ ನಷ್ಟ ಎಂದು ನಾನು ನಂಬಿದ್ದೇನೆ.

ಬೆಂಗಳೂರಿನ ಹುಡುಗನಿಗೂ ಇದೇ ಲೆಕ್ಕ. ಐಎಸ್‌ಎಲ್ ಕ್ಲಬ್ಬಿನ ಜೆರ್ಸಿ ತೊಟ್ಟು ಬೆಂಚಿನಲ್ಲಿ ಕೂರುವುದಕ್ಕಿಂತ, ಜಿಲ್ಲಾ ಲೀಗಿನ ‘ಎ’ ಡಿವಿಷನ್ ತಂಡದಲ್ಲಿ ಪ್ರತಿ ವಾರ ಪೂರ್ತಿ 90 ನಿಮಿಷ ಓಡುವುದು ಮೇಲು. ಫೋಡೆನ್ ಮ್ಯಾಂಚೆಸ್ಟರ್ ಸಿಟಿ ಬಿಟ್ಟು ಲೋನ್ ಮೇಲೂ ಎಲ್ಲಿಗೂ ಹೋಗಲಿಲ್ಲವಲ್ಲ ಎಂದು ನೀನು ಕೇಳಬಹುದು. ನಿಜ. ಆದರೆ ಅವನ ದಿನದ ಅಭ್ಯಾಸ ನಡೆಯುತ್ತಿದ್ದುದು ಡೇವಿಡ್ ಸಿಲ್ವಾ, ಕೆವಿನ್ ಡಿ ಬ್ರೂಯ್ನ ಜೊತೆಗೆ, ಪೆಪ್ ಗಾರ್ಡಿಯೋಲಾ ಅವರ ಕಣ್ಣೆದುರು. ಅಂಥ ಅಭ್ಯಾಸ ಸಿಗುವ ಬೆಂಚಾದರೆ ಒಂದೆರಡು ವರ್ಷ ಕಾಯಬಹುದು.

2. ‘ಮುಂದಿನ ಮೆಸ್ಸಿ’ಯನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ

ಇದು ಅಪ್ಪ ಅಮ್ಮಂದಿರಿಗೆ. ಘಾನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಫ್ರೆಡ್ಡಿ ಅಡು 2004ರ ಏಪ್ರಿಲ್ 3ರಂದು ಡಿ.ಸಿ. ಯುನೈಟೆಡ್ ಪರ ಮೊದಲ ಬಾರಿ ಮೇಜರ್ ಲೀಗ್ ಸಾಕರ್‌ನಲ್ಲಿ ಆಡಿದ. ಆಗ ವಯಸ್ಸು 14. ಇಡೀ ಲೀಗಿನಲ್ಲಿ ಅವನದೇ ಹೆಚ್ಚಿನ ಸಂಬಳ. ನೈಕಿ ಜೊತೆ ಒಪ್ಪಂದ. ಪೆಲೆ ಪಕ್ಕದಲ್ಲಿ ನಿಂತು ತಂಪುಪಾನೀಯದ ಜಾಹೀರಾತು. ಮುಂದಿನ ಪೆಲೆ ಎಂಬ ಪಟ್ಟ.

ಅವನಲ್ಲಿ ಸತ್ವ ಇರಲಿಲ್ಲವೆಂದಲ್ಲ. 2007ರ 20 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಪೋಲೆಂಡ್ ಮೇಲೆ ಹ್ಯಾಟ್ರಿಕ್ ಹೊಡೆದ. ಆ ಬೇಸಿಗೆಯಲ್ಲೇ ಪೋರ್ಚುಗಲ್‌ನ ಬೆನ್ಫಿಕಾ ಅವನನ್ನು ಕೊಂಡಿತು. ಕೊಂಡಾಗ ಕೋಚ್ ಆಗಿದ್ದ ಫರ್ನಾಂಡೋ ಸ್ಯಾಂಟೋಸ್ ಲೀಗಿನ ಮೊದಲ ಪಂದ್ಯದ ಬೆನ್ನಿಗೇ ಕೆಲಸ ಕಳೆದುಕೊಂಡರು. ಹೊಸ ಕೋಚ್‌ಗೆ ಹೊಸ ಯೋಜನೆ. ಮೊನಾಕೊ, ಬೆಲೆನೆನ್ಸೆಸ್, ಗ್ರೀಸಿನ ಆರಿಸ್, ಟರ್ಕಿಯ ರೈಜೆಸ್ಪೋರ್ ಎಂದು ಅಡು ಊರೂರು ಅಲೆದ. ಮುಂದೆ ಬ್ರೆಜಿಲ್, ಸರ್ಬಿಯಾ, ಫಿನ್ಲೆಂಡ್‌ಗಳನ್ನೂ ಸುತ್ತಿದ. ಅಮೆರಿಕದ ಹಿರಿಯರ ತಂಡಕ್ಕೆ ಆಡಿದ್ದು 17 ಪಂದ್ಯ, ಅಷ್ಟೇ.

ಅವನು ಶ್ರಮ ಪಡಲಿಲ್ಲ ಎನ್ನುವವರಿದ್ದಾರೆ. ಒಂದು ಲೀಗಿನ ಟಿಕೆಟ್ ಮಾರಾಟದ ಹೊರೆಯನ್ನು ಹದಿನಾಲ್ಕರ ಹುಡುಗನ ಹೆಗಲಿಗೇರಿಸಿದವರ ವಿಚಾರ ಮೊದಲು ಮಾತಾಡೋಣ. ಅವನಿಗೆ ಆ ವಯಸ್ಸಿನಲ್ಲಿ ಬೇಕಿದ್ದುದು ತಪ್ಪು ಮಾಡಿ ಕಲಿಯಲು ಜನರ ಕಣ್ಣು ಬೀಳದ ಒಂದು ಜಾಗ. ಅದನ್ನೇ ಅವನಿಗೆ ಯಾರೂ ಕೊಡಲಿಲ್ಲ.

ಆದ್ದರಿಂದ ಓಣಿಯಲ್ಲಿ ಫ್ಲೆಕ್ಸ್ ಕಟ್ಟಿಸಬೇಡಿ. ಹನ್ನೆರಡು ವರ್ಷದ ಮಗನ ಹೆಸರಲ್ಲಿ ರೀಲ್ಸ್ ಪುಟ ನಡೆಸಬೇಡಿ. ಪಂದ್ಯ ಮುಗಿಸಿ ಬರುವ ದಾರಿಯಲ್ಲಿ ಎಷ್ಟು ಗೋಲು ಎಂದು ಕೇಳುವ ಬದಲು ಊಟಕ್ಕೇನು ಬೇಕೆಂದು ಕೇಳಿ.

3. ವಯಸ್ಸು ಕಡಿಮೆ ತೋರಿಸಬೇಡಿ

ಹದಿನಾರರ ಹುಡುಗನನ್ನು ಹದಿಮೂರರವರ ಟೂರ್ನಿಯಲ್ಲಿ ಆಡಿಸಿದರೆ ಕಪ್ ಬರುತ್ತದೆ, ಹುಡುಗ ಹೋಗುತ್ತಾನೆ. ಮೈಬಲದಿಂದಲೇ ಗೆದ್ದು ಅಭ್ಯಾಸವಾದವನಿಗೆ ಸಮಬಲದವರು ಎದುರಾದ ದಿನ ಕೈಯಲ್ಲಿ ಬೇರೆ ಅಸ್ತ್ರವೇ ಇರುವುದಿಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಮಣಿಕಟ್ಟಿನ ಎಕ್ಸ್-ರೇ ನೋಡಿ ಮೂಳೆಯ ವಯಸ್ಸು ಅಳೆಯುತ್ತದೆ. ಸಿಕ್ಕಿಬಿದ್ದರೆ ಅವಮಾನ ಹುಡುಗನಿಗೆ. ಸುಳ್ಳು ಜನನ ಪತ್ರ ಮಾಡಿಸಿದ ದೊಡ್ಡವರು ಆರಾಮವಾಗಿರುತ್ತಾರೆ.

4. ಡಿಸೆಂಬರ್‌ನಲ್ಲಿ ಹುಟ್ಟಿದವನೇ, ತಾಳ್ಮೆ ಇರಲಿ

ವಯೋಮಿತಿ ಜನವರಿ 1ರಿಂದ ಲೆಕ್ಕವಾದರೆ, ಒಂದೇ ತಂಡದಲ್ಲಿ ಜನವರಿಯ ಹುಡುಗನಿಗೂ ಡಿಸೆಂಬರ್‌ನ ಹುಡುಗನಿಗೂ ಹೆಚ್ಚುಕಡಿಮೆ ಒಂದು ವರ್ಷದ ಅಂತರ. ಹನ್ನೆರಡರಲ್ಲಿ ಅದು ಬಹಳ ದೊಡ್ಡ ಅಂತರ. ಕೋಚ್‌ಗಳು ಎತ್ತರದವನನ್ನೇ ಆರಿಸುತ್ತಾರೆ, ಅವನಿಗೇ ಹೆಚ್ಚು ಹೇಳಿಕೊಡುತ್ತಾರೆ. ಅಕಾಡೆಮಿಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ತುಂಬಿರುವುದನ್ನು ಸಂಶೋಧಕರು ದೇಶ ದೇಶಗಳಲ್ಲಿ ಕಂಡಿದ್ದಾರೆ. ಆದರೆ ಓಡೆಗಾರ್ಡ್ ಹುಟ್ಟಿದ್ದು ಡಿಸೆಂಬರ್ 17ಕ್ಕೆ. ಸೆಪ್ಟೆಂಬರ್‌ನಿಂದ ವಯಸ್ಸು ಎಣಿಸುವ ಇಂಗ್ಲೆಂಡಿನಲ್ಲಿ ಹ್ಯಾರಿ ಕೇನ್ ಹುಟ್ಟಿದ್ದು ಜುಲೈ ಕೊನೆಗೆ. ಚಿಕ್ಕವನಾಗಿ ದೊಡ್ಡವರೆದುರು ಆಡಿದವನು ತಲೆ ಓಡಿಸುವುದನ್ನು ಬೇಗ ಕಲಿಯುತ್ತಾನೆ.

5. ಚೆಂಡು ಬರುವ ಮೊದಲೇ ತಿರುಗಿ ನೋಡು

ನಾರ್ವೆಯ ಸಂಶೋಧಕ ಗೇರ್ ಯೋರ್ಡೆಟ್ ಆಟಗಾರರ ತಲೆಯ ಚಲನೆಯನ್ನೇ ವರ್ಷಗಟ್ಟಲೆ ಅಳೆದವರು. ಚೆಂಡು ಕಾಲಿಗೆ ಬರುವ ಮೊದಲು ಹೆಚ್ಚು ಬಾರಿ ಸುತ್ತ ನೋಡುವವರ ಪಾಸ್ ಗುರಿ ಮುಟ್ಟುವುದು ಹೆಚ್ಚು ಎಂದು ತೋರಿಸಿದ್ದಾರೆ. ವೇಗ ಹದಿನೆಂಟಕ್ಕೆ ಎಲ್ಲರಿಗೂ ಬರುತ್ತದೆ, ಈ ನೋಟ ಎಲ್ಲರಿಗೂ ಬರುವುದಿಲ್ಲ.

6. ಬಾರದ ಕಾಲಿನಲ್ಲೂ ಹೊಡೆ

ದಿನಕ್ಕೆ ಹದಿನೈದು ನಿಮಿಷ, ಒಂದು ಗೋಡೆ ಸಾಕು.

7. ನೋವನ್ನು ಮುಚ್ಚಿಡಬೇಡ

ಜ್ಯಾಕ್ ವಿಲ್ಶೇರ್ ಹದಿನಾರಕ್ಕೇ ಆರ್ಸೆನಲ್‌ಗೆ ಆಡಿದವನು. 2011ರ ಫೆಬ್ರವರಿಯಲ್ಲಿ ಶಾವಿ, ಇನಿಯೆಸ್ಟಾ ಇದ್ದ ಬಾರ್ಸಿಲೋನಾ ಎದುರು ಮಧ್ಯಮೈದಾನವನ್ನು ಆಳಿದಾಗ ಅವನಿಗೆ ಹತ್ತೊಂಬತ್ತು. ಆ ಒಂದೇ ಋತುವಿನಲ್ಲಿ ಕ್ಲಬ್ಬಿಗಾಗಿ 49 ಪಂದ್ಯ ಆಡಿದ, ಇಂಗ್ಲೆಂಡ್ ತಂಡದ್ದು ಬೇರೆ. ಮುಂದಿನ ಋತುವಿನಲ್ಲಿ ಹಿಮ್ಮಡಿಗಂಟಿನ ಗಾಯದಿಂದಾಗಿ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. ಗಾಯಗಳು ಮತ್ತೆ ಮತ್ತೆ ಕಾಡಿದವು. 2022ರಲ್ಲಿ, ಮೂವತ್ತಕ್ಕೇ, ನಿವೃತ್ತನಾದ. ಬೆಳೆಯುವ ಮೈಗೆ ಅಷ್ಟು ಪಂದ್ಯ ಹೇರಿದ್ದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ಹುಡುಗರು ಶಾಲೆ, ಕ್ಲಬ್, ಅಕಾಡೆಮಿ, ರಜೆಯಲ್ಲಿ ಸೆವೆನ್ಸ್ ಎಂದು ನಾಲ್ಕು ಕಡೆ ಆಡುತ್ತಾರೆ. ಒಬ್ಬ ಕೋಚ್‌ಗೆ ಇನ್ನೊಬ್ಬ ಕೋಚ್ ಏನು ಮಾಡಿಸಿದ ಎಂಬ ಅರಿವಿರುವುದಿಲ್ಲ. ಒಂದು ನೋಟ್‌ಬುಕ್ ಇಟ್ಟುಕೊಂಡು ವಾರಕ್ಕೆ ಎಷ್ಟು ನಿಮಿಷ ಆಡಿದೆ ಎಂದು ಬರೆ, ಎಲ್ಲ ಕೋಚ್‌ಗಳಿಗೂ ತೋರಿಸು. ವಾರದಲ್ಲಿ ಒಂದು ದಿನ ಬೂಟು ಮುಟ್ಟಬೇಡ. ಎತ್ತರ ಸರ್ರನೆ ಏರುವ ತಿಂಗಳುಗಳಲ್ಲಿ ಮಂಡಿಚಿಪ್ಪಿನ ಕೆಳಗೆ ಅಥವಾ ಹಿಮ್ಮಡಿಯಲ್ಲಿ ನೋವು ಬಂದರೆ ಅದು ಸೋಮಾರಿತನದ ನೆಪವಲ್ಲ. ಮೂಳೆ ಬೆಳೆಯುವ ಜಾಗವನ್ನು ಸ್ನಾಯು ಎಳೆಯುತ್ತಿರಬಹುದು, ವೈದ್ಯರಿಗೆ ತೋರಿಸು. ಇಂಜೆಕ್ಷನ್ ಚುಚ್ಚಿಸಿ ಫೈನಲ್ ಆಡು ಎನ್ನುವ ಕೋಚ್ ಸಿಕ್ಕರೆ ಆ ಕೋಚ್‌ನನ್ನೇ ಬಿಡು. ಫಿಫಾ 11+ ಎಂಬ ವಾರ್ಮಪ್ ಕ್ರಮ ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. 15 ವ್ಯಾಯಾಮ, 20 ನಿಮಿಷ, ದುಬಾರಿ ಸಲಕರಣೆ ಯಾವುದೂ ಬೇಡ. ಅದನ್ನು ಬಿಡದೆ ಮಾಡುವ ತಂಡಗಳಲ್ಲಿ ಗಾಯಗಳು ಕಡಿಮೆಯಾಗುವುದು ಸಾಬೀತಾಗಿದೆ.

8. ಎದೆ ಹೊಡೆದುಕೊಂಡರೆ ಹೇಳಿಕೋ

ಬೊಯಾನ್ ಕ್ರಕಿಚ್ 2007ರಲ್ಲಿ ಬಾರ್ಸಿಲೋನಾ ಪರ ಲೀಗ್ ಪಂದ್ಯ ಆಡಿದ ಅತಿ ಕಿರಿಯನೆಂಬ ಮೆಸ್ಸಿಯ ದಾಖಲೆ ಮುರಿದ. ಮರುವರ್ಷ ಸ್ಪೇನ್ ತಂಡದಿಂದ ಮೊದಲ ಕರೆ ಬಂದಾಗ ತಲೆಸುತ್ತು, ಆತಂಕ. ಹೊಟ್ಟೆ ಕೆಟ್ಟಿದೆ ಎಂದು ಹೊರಗೆ ಹೇಳಲಾಯಿತು. ಅದೇ ಆತಂಕದಿಂದ ಯೂರೋ 2008ಕ್ಕೂ ಹೋಗಲಿಲ್ಲ. ಸ್ಪೇನ್ ಕಪ್ ಗೆದ್ದಿತು. ನಿಜ ಕಾರಣವನ್ನು ಅವನು ಬಿಡಿಸಿ ಹೇಳಿದ್ದು 2018ರಲ್ಲಿ, ಹತ್ತು ವರ್ಷಗಳ ಬಳಿಕ. ಸ್ಪೇನ್‌ಗೆ ಅವನು ಆಡಿದ್ದು ಒಂದೇ ಒಂದು ಹಿರಿಯರ ಪಂದ್ಯ.

ಗಂಡು ಹುಡುಗ ಹೆದರಬಾರದು ಎಂದು ಬೆಳೆಸಿದ ಮನೆಗಳಲ್ಲಿ ಇಂಥದನ್ನು ಬಾಯಿಬಿಟ್ಟು ಹೇಳುವುದು ಕಷ್ಟ, ನನಗೆ ಗೊತ್ತು. ಆದರೂ ಹೇಳು. ಮನೆಯಲ್ಲಿ ಆಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡು. ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

9. ಎಸ್‌ಎಸ್‌ಎಲ್‌ಸಿ ಬರೆ, ಪಿಯುಸಿಯನ್ನೂ ಬರೆ

ಪರೀಕ್ಷೆಗೆಂದು ಒಂದು ವರ್ಷ ಬೂಟನ್ನು ಅಟ್ಟಕ್ಕೆಸೆಯುವುದೂ ತಪ್ಪು, ಬೂಟಿಗಾಗಿ ಪುಸ್ತಕವನ್ನು ಅಟ್ಟಕ್ಕೆಸೆಯುವುದೂ ತಪ್ಪು. ಮುಂದಿನ ಸೂತ್ರ ಓದಿದರೆ ಯಾಕೆಂದು ತಿಳಿಯುತ್ತದೆ.

10. ಓದದೆ ಸಹಿ ಹಾಕಬೇಡ

1991ರ ಗೋಲ್ಡನ್ ಬಾಲ್ ಗೆದ್ದವನು ಘಾನಾದ ನೀ ಲ್ಯಾಂಪ್ಟೆ. ಕುಡಿದು ಹೊಡೆಯುವ ಅಪ್ಪ, ಅರ್ಧಕ್ಕೆ ನಿಂತ ಶಾಲೆ, ಹದಿನಾರಕ್ಕೇ ಬೆಲ್ಜಿಯಂನ ಆಂಡರ್ಲೆಕ್ಟ್‌ನಲ್ಲಿ ಗೋಲು. ಅವನನ್ನೂ ಪೆಲೆಯ ವಾರಸುದಾರ ಎಂದರು. ಓದು ಬರಹ ಸರಿಯಾಗಿ ಬಾರದ ಹುಡುಗ ಏಜೆಂಟ್ ಚಾಚಿದ ಕಾಗದಗಳಿಗೆ ನಂಬಿ ಸಹಿ ಹಾಕಿದ. ಎಲ್ಲಿ ಆಡಬೇಕು, ಯಾರಿಗೆ ಎಷ್ಟು ಹಣ ಎಂಬುದು ಅವನ ಕೈಲಿ ಉಳಿಯಲಿಲ್ಲ. ಹಾಲೆಂಡ್, ಇಂಗ್ಲೆಂಡ್, ಇಟಲಿ, ಅರ್ಜೆಂಟೀನಾ, ಟರ್ಕಿ, ಚೀನಾ ಎಂದು ದೇಶಗಳು ಬದಲಾಗುತ್ತ ಹೋದವು, ಆಟ ಕರಗುತ್ತ ಹೋಯಿತು. ಮುಂದೆ ಲ್ಯಾಂಪ್ಟೆ ಅವರು ಅಕ್ರಾದಲ್ಲಿ ಮಕ್ಕಳಿಗೊಂದು ಶಾಲೆ ಕಟ್ಟಿಸಿದರು.

ಎರಡು ಸಂಗತಿ ನೆನಪಿಡಿ. ಫಿಫಾ ನಿಯಮದಂತೆ 18 ತುಂಬದವರ ಜೊತೆ ಕ್ಲಬ್ ಮೂರು ವರ್ಷಕ್ಕಿಂತ ಹೆಚ್ಚಿನ ವೃತ್ತಿಪರ ಒಪ್ಪಂದ ಮಾಡಿಕೊಳ್ಳುವಂತಿಲ್ಲ. ನಮ್ಮ ಕಾನೂನಿನಲ್ಲಿ ಅಪ್ರಾಪ್ತನ ಸಹಿಯೊಂದರಿಂದ ಒಪ್ಪಂದ ನಿಲ್ಲುವುದಿಲ್ಲ, ಹಾಗಾಗಿ ಹೊಣೆ ಪೋಷಕರದು. ಕಾಗದವನ್ನು ಮನೆಗೆ ತನ್ನಿ, ಪರಿಚಯದ ವಕೀಲರಿಂದ ಓದಿಸಿ. ಇವತ್ತೇ ಸಹಿ ಆಗಬೇಕು ಎನ್ನುವವರಿಗೆ ಆಗುವುದಿಲ್ಲ ಎನ್ನಿ.

11. ಕೈಬಿಟ್ಟರೆ ಬೇರೆ ಮೈದಾನಕ್ಕೆ ಹೋಗು

ಎಂಟು ವರ್ಷದ ಹ್ಯಾರಿ ಕೇನ್‌ನನ್ನು ಆರ್ಸೆನಲ್ ಬೇಡವೆಂದಿತು. ಹದಿನಾರರ ಜೇಮಿ ವಾರ್ಡಿಯನ್ನು ಮೈಕಟ್ಟು ಚಿಕ್ಕದೆಂದು ಶೆಫೀಲ್ಡ್ ವೆನ್ಸ್‌ಡೇ ಕಳಿಸಿಬಿಟ್ಟಿತು. ವಾರ್ಡಿ ಕಾರ್ಖಾನೆಯಲ್ಲಿ ದುಡಿಯುತ್ತ ಸ್ಟಾಕ್ಸ್‌ಬ್ರಿಡ್ಜ್ ಎಂಬ ಸಣ್ಣ ಊರಿನ ತಂಡಕ್ಕೆ ಆಡಿದ. 2013ರಲ್ಲಿ ಇಬ್ಬರೂ ಲೆಸ್ಟರ್ ತಂಡದ ಬೆಂಚಿನಲ್ಲಿ ಅಕ್ಕಪಕ್ಕ ಕೂತಿದ್ದರು. ಮೂರು ವರ್ಷದಲ್ಲಿ ವಾರ್ಡಿ ಪ್ರೀಮಿಯರ್ ಲೀಗ್ ಚಾಂಪಿಯನ್, ಐದು ವರ್ಷದಲ್ಲಿ ಕೇನ್ ವಿಶ್ವಕಪ್‌ನ ಗೋಲ್ಡನ್ ಬೂಟ್ ವಿಜೇತ.

12. ಅಕಾಡೆಮಿಗೆ ಶುಲ್ಕ ಕಟ್ಟುವ ಮೊದಲು ಕೇಳಿ

ವರ್ಷಕ್ಕೆ ಎಷ್ಟು ಪಂದ್ಯ, ನನ್ನ ಮಗನಿಗೆ ಅದರಲ್ಲಿ ಎಷ್ಟು ನಿಮಿಷ? ಕೋಚ್‌ಗೆ ಎಎಫ್‌ಸಿ ಲೈಸೆನ್ಸ್ ಇದೆಯೇ, ಯಾವ ದರ್ಜೆಯದು? ಗಾಯವಾದರೆ ಫಿಸಿಯೋ ಯಾರು, ಖರ್ಚು ಯಾರದು? ಹಾಸ್ಟೆಲ್ ಇದ್ದರೆ ಶಾಲೆ ಯಾವುದು? ಹೋದ ವರ್ಷ ಬಿಟ್ಟುಹೋದ ಹುಡುಗರು ಈಗ ಎಲ್ಲಿದ್ದಾರೆ? ಕೊನೆಯ ಪ್ರಶ್ನೆಗೆ ತಡವರಿಸಿದರೆ, ಆ ಹುಡುಗರ ಮನೆಯವರನ್ನೇ ಹುಡುಕಿ ಮಾತಾಡಿಸಿ, ಆಮೇಲೆ ಶುಲ್ಕದ ವಿಚಾರ.