ಪಿಕಪ್‌ನ ತಗಡನ್ನೂ ನೋಡಿಕೊಳ್ಳಿ

ಪುತ್ತೂರು, ಸುಳ್ಯ, ಕಡಬದ ಕೃಷಿಕ ಬಂಧುಗಳೇ, ಎಂಜಿನ್ ಆಯಿಲ್ ಬದಲಿಸುವುದನ್ನು ನೀವು ಮರೆಯುವುದಿಲ್ಲ. ಆದರೆ ಬಣ್ಣ ಹೊಳೆಯುತ್ತಿದೆ ಎಂದು ಬಾಡಿಯ ಗೊಡವೆಗೇ ಹೋಗದಿರುವುದು ದೊಡ್ಡ ತಪ್ಪು. ಈಗಿನ ಪಿಕಪ್‌ಗಳ ಬಾಗಿಲು, ಬಾನೆಟ್‌ನ ತಗಡು ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ತೆಳು. ಅದನ್ನು ಕಾಯುವುದು ಮೇಲಿನ ಲೇಪ ಮಾತ್ರ.

ಮುರಕಲ್ಲು ಹೇರುವಾಗ ಬಿದ್ದ ಗೀರನ್ನು ಮಳೆಗಾಲಕ್ಕೆ ಮೊದಲೇ ಉಜ್ಜಿ, ಪ್ರೈಮರ್ ಹಾಕಿ ಬಣ್ಣ ಬಳಿಯಿರಿ. ತುಕ್ಕಿನ ಮೇಲೆಯೇ ಬಣ್ಣ ಬಳಿದರೆ ಅದು ಒಳಗೊಳಗೇ ಹಬ್ಬುತ್ತದೆ. ಅಡಿಕೆಗೆ ಮದ್ದು ಬಿಡುವ ದಿನಗಳಲ್ಲಿ ಇನ್ನೂ ಎಚ್ಚರ ಬೇಕು. ಮೈಲುತುತ್ತಿನಲ್ಲಿರುವ ತಾಮ್ರ ಕಬ್ಬಿಣವನ್ನು ಬೇಗ ತಿನ್ನುತ್ತದೆ. ಡ್ರಮ್ಮಿನಿಂದ ಚೆಲ್ಲಿದ್ದನ್ನು, ಗೊಬ್ಬರದ ಪುಡಿಯನ್ನು ಅಂದೇ ಸಂಜೆ ತೊಳೆಯಿರಿ. ಹಿಂದಿನ ರಬ್ಬರ್ ಮ್ಯಾಟನ್ನು ಆಗಾಗ ಎತ್ತಿ ಒಣಗಿಸಿ. ಅದರಡಿ ನಿಂತ ನೀರು ಕಣ್ಣಿಗೆ ಬೀಳುವುದಿಲ್ಲ. ಬಾಗಿಲಿನ ಕೆಳ ಅಂಚಿನಲ್ಲಿ ನೀರಿಳಿಯುವ ತೂತುಗಳು ಕೆಸರಿನಿಂದ ಮುಚ್ಚದಂತೆ ನೋಡಿಕೊಳ್ಳಿ.

ಹಳೆಯ ಗಾಡಿ ಕೊಳ್ಳುವಾಗ ಒಂದು ಅಯಸ್ಕಾಂತ ಜೊತೆಗಿರಲಿ. ಉಕ್ಕಿನ ತಗಡಿಗೆ ಅದು ಅಂಟದ ಕಡೆ ದಪ್ಪ ಪುಟ್ಟಿ ಮೆತ್ತಿರುವ ಸಾಧ್ಯತೆ ಹೆಚ್ಚು. ಬಣ್ಣಕ್ಕೆ ಮರುಳಾಗಬೇಡಿ, ಗಾಡಿಯ ಅಡಿಗೂ ಬಗ್ಗಿ ನೋಡಿಯೇ ದುಡ್ಡು ಕೊಡಿ.