ಚಿಕ್ಕ ಮನೆಯಲ್ಲಿ ಧಾನ್ಯ, ಬೀಜ ಮತ್ತು ವಿಷೌಷಧಗಳ ವಿಂಗಡಣೆ

ನಮ್ಮ ಗ್ರಾಮಗಳಲ್ಲಿ ಅನೇಕ ಸಣ್ಣ ಹಿಡುವಳಿದಾರರೂ ಕೂಲಿಕಾರರೂ ಎರಡು ಮೂರು ಅಂಕಣದ ಮನೆಗಳಲ್ಲಿಯೇ ವಾಸಿಸುತ್ತಾರೆ. ಆ ಇಕ್ಕಟ್ಟಿನೊಳಗೇ ಅಡಿಗೆ, ಹಾಸಿಗೆ, ಧಾನ್ಯ, ಬಿತ್ತನೆಯ ಬೀಜ, ಬೇಸಾಯದ ಮುಟ್ಟು, ಗೊಬ್ಬರದ ಚೀಲ, ಪೈರಿಗೆ ಸಿಂಪಡಿಸುವ ವಿಷೌಷಧ ಇವೆಲ್ಲಕ್ಕೂ ಎಡೆಯಾಗಬೇಕು. ಮನೆಯನ್ನು ದೊಡ್ಡದು ಮಾಡುವುದು ಎಲ್ಲರಿಗೂ ಸಾಧ್ಯವಿಲ್ಲದಿದ್ದರೂ ಇರುವ ಸ್ಥಳವನ್ನು ವಿಂಗಡಿಸಿಕೊಳ್ಳಲು ಹೆಚ್ಚು ಹಣ ಬೇಕಾಗುವುದಿಲ್ಲ. ವರ್ಷದ ಕಾಳೂ ಮಕ್ಕಳ ಪ್ರಾಣವೂ ಈ ವಿಂಗಡಣೆಯನ್ನು ಅವಲಂಬಿಸಿರುವುದರಿಂದ ಇದನ್ನು ಅಲಕ್ಷ್ಯಮಾಡತಕ್ಕದ್ದಲ್ಲ.

೧. ನೆಲವನ್ನು ತೆರವು ಮಾಡುವುದು.— ಚಿಕ್ಕ ಮನೆಯಲ್ಲಿ ಸಾಮಾನೆಲ್ಲವೂ ನೆಲದ ಮೇಲಿದ್ದು, ಗೋಡೆಯ ಮೇಲ್ಭಾಗವು ಬರಿದಾಗಿರುವುದನ್ನು ಸಾಮಾನ್ಯವಾಗಿ ಕಾಣುತ್ತೇವೆ. ಹಿರಿಯರು ಅಟ್ಟ, ನಾಗಂದಿಗೆ, ನೆಲವು, ಗೋಡೆಯ ಗೂಡು, ಅಡಕಲು ಗಡಿಗೆ ಮುಂತಾದುವನ್ನು ಏರ್ಪಡಿಸಿಕೊಂಡಿದ್ದುದು ಈ ಕೊರತೆಯ ನಿವಾರಣೆಗಾಗಿಯೇ. ಜಂತೆಗೆ ಹಗ್ಗದಿಂದ ಇಳಿಬಿಟ್ಟ ಒಂದು ಬಿದಿರು ಗಳದ ಮೇಲೆ ಮನೆಮಂದಿಯ ಕಂಬಳಿ, ಬಟ್ಟೆಗಳನ್ನು ಹಾಕಬಹುದು. ಕುಡುಗೋಲು, ಮಚ್ಚುಗಳನ್ನು ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಗೂಟಕ್ಕೆ ತೂಗುಹಾಕತಕ್ಕದ್ದು. ನೊಗ, ನೇಗಿಲು, ಕುಂಟೆಗಳನ್ನು ಸೂರಿನ ಕೆಳಗೆ ಮಳೆ ತಾಗದಂತೆ ಹೊರಗಡೆ ಇಟ್ಟರೆ ಒಳಗೆ ಮಲಗಲು ಸ್ಥಳ ದೊರೆಯುತ್ತದೆ.

೨. ಧಾನ್ಯ.— ಕಾಳನ್ನು ಹಲ್ಲಿನಿಂದ ಕಡಿದಾಗ ಕಟ್ಟೆಂದು ಒಡೆಯುವವರೆಗೆ ಬಿಸಿಲಿನಲ್ಲಿ ಒಣಗಿಸಿ, ಆರಿದ ಬಳಿಕ ತುಂಬಬೇಕು. ತೇವವು ನೂರಕ್ಕೆ ೧೨ಕ್ಕಿಂತ ಹೆಚ್ಚಿರದಿದ್ದರೆ ಒಳ್ಳೆಯದು. ಬಿಸಿಯಾಗಿರುವಾಗಲೇ ತುಂಬಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಚೀಲಗಳನ್ನು ನೆಲಕ್ಕೆ ತಾಗಿಸದೆ ಕಲ್ಲಿನ ಮೇಲಿಟ್ಟ ಹಲಗೆಗಳ ಮೇಲೆ ಜೋಡಿಸಿ, ಗೋಡೆಗೂ ಚೀಲಕ್ಕೂ ನಡುವೆ ಪೊರಕೆಯೂ ಬೆಕ್ಕೂ ನುಸುಳುವಷ್ಟು, ಎಂದರೆ ಕನಿಷ್ಠ ಒಂದು ಗೇಣು, ತೆರಪು ಬಿಡಬೇಕು. ಗೋಡೆಗೆ ಒತ್ತಿದ ಚೀಲದ ಹಿಂದೆಯೇ ಇಲಿಯು ಬಿಲ ತೋಡುತ್ತದೆ.

ಸ್ಥಳವು ತೀರ ಕಡಮೆಯಿದ್ದಲ್ಲಿ ಮುಚ್ಚಳವುಳ್ಳ ತಗಡಿನ ಡ್ರಮ್ಮು ಉತ್ತಮ. ೨ ಅಡಿ ಅಡ್ಡಳತೆ, ೩ ಅಡಿ ಎತ್ತರದ ಡ್ರಮ್ಮಿನಲ್ಲಿ ಸುಮಾರು ೨ ಕ್ವಿಂಟಾಲ್ ರಾಗಿ, ಅಥವಾ ಒಂದೂವರೆ ಕ್ವಿಂಟಾಲ್ ಭತ್ತ ಹಿಡಿಯುತ್ತದೆ. ಅದು ಆಕ್ರಮಿಸುವ ನೆಲ ಎರಡಡಿ ಚೌಕ ಮಾತ್ರ. ಎಲ್ಲ ಧಾನ್ಯಕ್ಕೂ ಡ್ರಮ್ಮು ಒದಗದಿದ್ದರೆ ಜೋಳಕ್ಕೂ ಬೇಳೆಕಾಳುಗಳಿಗೂ ಅದನ್ನು ಮೊದಲು ಮೀಸಲಿಡಬೇಕು. ಇವುಗಳಿಗೆ ಹುಳು ಬೇಗ ಬೀಳುತ್ತದೆ. ರಾಗಿಯ ಕಾಳು ಅತಿ ಸಣ್ಣದಾದುದರಿಂದ ಹುಳುವಿನ ಬಾಧೆ ಅದಕ್ಕೆ ಕಡಮೆ. ತೇವ ಮತ್ತು ಇಲಿಗಳಿಂದ ಕಾಪಾಡಿದರೆ ಬಹುಕಾಲ ಕೆಡದೆ ನಿಲ್ಲುತ್ತದೆ.

೩. ಬೀಜ ಮತ್ತು ಗೊಬ್ಬರ.— ಔಷಧ ಲೇಪಿಸಿದ ಬಿತ್ತನೆಯ ಬೀಜವನ್ನು ಊಟದ ಕಾಳಿನ ಸಮೀಪದಲ್ಲಿ ಎಂದಿಗೂ ಇಡಕೂಡದು. ಉಳಿದದ್ದನ್ನು ತೊಳೆದು ಅಡಿಗೆಗೆ ಉಪಯೋಗಿಸಲೂ ಕೂಡದು. ಯೂರಿಯಾ ಗೊಬ್ಬರವು ನೋಟಕ್ಕೆ ಬಿಳಿಯದಾಗಿ ಉಪ್ಪು, ಸಕ್ಕರೆಗಳೆಂಬ ಭ್ರಮೆಯನ್ನುಂಟುಮಾಡುತ್ತದೆ. ಅದನ್ನು ಹೆಚ್ಚಾಗಿ ತಿಂದ ದನಗಳು ಸಾಯುತ್ತವೆ. ಆದುದರಿಂದ ಗೊಬ್ಬರದ ಚೀಲವನ್ನು ಅಡಿಗೆಮನೆಯಲ್ಲಾಗಲಿ, ಕೊಟ್ಟಿಗೆಯಲ್ಲಾಗಲಿ ಇಡತಕ್ಕದ್ದಲ್ಲ.

೪. ವಿಷೌಷಧ.— ೧೯೫೮ರಲ್ಲಿ ಆಹಾರಪದಾರ್ಥಗಳೊಡನೆ ಒಂದೇ ಹಡಗಿನಲ್ಲಿ ಸಾಗಿಸಿದ ಪ್ಯಾರಾಥಿಯಾನ್ ಎಂಬ ಕೀಟನಾಶಕವು ಸೋರಿ ಗೋಧಿಹಿಟ್ಟಿಗೆ ಬೆರೆತು, ಅದನ್ನು ಉಂಡ ನೂರಕ್ಕೂ ಹೆಚ್ಚು ಜನರು ಕೇರಳದಲ್ಲಿ ಮೃತಪಟ್ಟರು. ಅನಂತರ ೧೯೬೮ರಲ್ಲಿ ಕೀಟನಾಶಕಗಳ ಕಾಯಿದೆ ಅಂಗೀಕೃತವಾಯಿತು. ಹಡಗಿನಲ್ಲಿ ನಡೆದ ಆ ಅನರ್ಥಕ್ಕೆ ಒಂದೇ ನಾಗಂದಿಗೆಯ ಮೇಲೆ ಹಿಟ್ಟಿನ ಡಬ್ಬಿಯೂ ವಿಷದ ಸೀಸೆಯೂ ಕುಳಿತಿರುವ ಮನೆಯಲ್ಲಿಯೂ ಆಸ್ಪದವುಂಟು.

ಔಷಧವನ್ನು ಆಯಾ ಸಲಕ್ಕೆ ಬೇಕಾದಷ್ಟೇ ಕೊಳ್ಳಬೇಕು. ಅದನ್ನು ಅದರ ಮೂಲ ಸೀಸೆಯಲ್ಲಿಯೇ, ಚೀಟಿಯೊಡನೆ, ವಾಸದ ಭಾಗದಿಂದ ಹೊರಗೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡಬೇಕು. ನೀರು, ಎಣ್ಣೆ, ಸಾರಾಯಿಗಳ ಸೀಸೆಗೆ ಅದನ್ನು ಬಗ್ಗಿಸಕೂಡದು. ಬರಿದಾದ ಡಬ್ಬಿಯನ್ನು ಎಷ್ಟು ತೊಳೆದರೂ ನೀರಿಗಾಗಲಿ, ಕಾಳಿಗಾಗಲಿ ಬಳಸಕೂಡದು. ಮತ್ತಾರೂ ಉಪಯೋಗಿಸದಂತೆ ತೂತು ಮಾಡಬೇಕು. ಮನಸ್ತಾಪದ ದುಡುಕಿನ ಗಳಿಗೆಯಲ್ಲಿ ವಿಷವು ಕೈಗೆ ಎಟುಕದಿದ್ದರೆ ಒಂದು ಜೀವವು ಉಳಿಯಬಹುದೆಂಬುದನ್ನೂ ನೆನೆಯತಕ್ಕದ್ದು.

ಗ್ರಾಮದ ಮುಖಂಡರಲ್ಲಿ ವಿಜ್ಞಾಪನೆ.— ಒಂದೇ ಅಂಕಣದ ಮನೆಯವರು ವಿಷಕ್ಕೆ ಪ್ರತ್ಯೇಕ ಸ್ಥಳವನ್ನು ಎಲ್ಲಿಂದ ತಂದಾರು? ಪಂಪಿನ ಮನೆಯುಳ್ಳ ಜಮೀನುದಾರರು ಅಲ್ಲಿ ಬೀಗವುಳ್ಳ ಒಂದು ಪೆಟ್ಟಿಗೆಯನ್ನಿಟ್ಟು, ತಮ್ಮ ಜಮೀನಿನಲ್ಲಿ ದುಡಿಯುವವರ ಮತ್ತು ನೆರೆಯ ಬಡ ರೈತರ ಔಷಧಗಳನ್ನು ಅದರಲ್ಲಿ ಇಡಿಸಿದರೆ ಈ ಕೊರತೆ ನೀಗುತ್ತದೆ. ಮೊದಲು ಮುಖಂಡರ ಮನೆಯಲ್ಲಿಯೇ ಈ ವಿಂಗಡಣೆಯು ಆಗಲಿ. ಹೇಳಿದ್ದನ್ನು ಕೇಳುವುದಕ್ಕಿಂತ ಕಂಡದ್ದನ್ನು ಮಾಡುವುದು ಊರಿನ ರೂಢಿ. ಮುಂಗಾರು ಹಿಡಿಯುವುದಕ್ಕೆ ಮುಂಚೆ, ಬಿಸಿಲಿರುವಾಗಲೇ, ಒಂದು ದಿನ ಮನೆಯ ಸಾಮಾನುಗಳನ್ನೆಲ್ಲ ಅಂಗಳಕ್ಕೆ ತೆಗೆದು, ಬಿಲಗಳನ್ನು ಮುಚ್ಚಿ, ನೆಲ ಸಾರಿಸಿ, ಮೇಲೆ ಹೇಳಿದಂತೆ ಮರಳಿ ಜೋಡಿಸಿದರೆ ಮಳೆಗಾಲವೆಲ್ಲ ನಿಶ್ಚಿಂತೆಯಾಗಿರಬಹುದು.