ಚಲನ್ ಮೇಲಿನ ತಾರೀಖು

ಪೀಣ್ಯದಲ್ಲಿ ಎರಡು ಲೇತ್ ಹಾಕಿಕೊಂಡಿರುವ ಒಬ್ಬರು ದೊಡ್ಡ ಕಂಪನಿಯೊಂದಕ್ಕೆ 5 ಲಕ್ಷ ರೂಪಾಯಿಯ ಬುಷ್ ಮಾಡಿ ಕಳಿಸಿದ್ದಾರೆ ಎಂದುಕೊಳ್ಳಿ. ಮಾಲು ಹೋಗಿ ಆರು ತಿಂಗಳಾಯಿತು. ಫೋನ್ ಮಾಡಿದರೆ ‘ಬಿಲ್ ಅಕೌಂಟ್ಸ್‌ನಲ್ಲಿದೆ’, ‘ಸಾಹೇಬರು ಟೂರ್‌ನಲ್ಲಿದ್ದಾರೆ’, ‘ಬರೋ ಸೋಮವಾರ ನೋಡೋಣ’. ಕರೆಂಟ್ ಬಿಲ್ಲು, ಹುಡುಗರ ಸಂಬಳ ಮಾತ್ರ ಆ ಸೋಮವಾರಕ್ಕೆ ಕಾಯುವುದಿಲ್ಲ. ಕೈಗೆ ಬಾರದ ದುಡ್ಡಿಗೂ ಜಿಎಸ್‌ಟಿ ಕಟ್ಟಿ ಮುಗಿದಿದೆ.

ಇಂಥವರಿಗಾಗಿಯೇ 2006ರಲ್ಲಿ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ ಬಂತು. ಅದರ 15ನೇ ಸೆಕ್ಷನ್ ಪ್ರಕಾರ, ಹಣ ಕೊಡುವ ದಿನದ ಬಗ್ಗೆ ಬರಹದಲ್ಲಿ ಒಪ್ಪಂದ ಇದ್ದರೆ ಆ ದಿನದೊಳಗೆ ಕೊಡಬೇಕು. ಆದರೆ ಅದು ಮಾಲು ಒಪ್ಪಿಕೊಂಡ ದಿನದಿಂದ 45 ದಿನ ಮೀರುವಂತಿಲ್ಲ. ಬರಹದಲ್ಲಿ ಏನೂ ಇಲ್ಲದಿದ್ದರೆ 15 ದಿನ, ಅಷ್ಟೇ. ಪರ್ಚೇಸ್ ಆರ್ಡರ್‌ನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಪಾವತಿ 90 ದಿನಕ್ಕೆ’ ಎಂದು ಅಚ್ಚಾಗಿದ್ದು, ನೀವು ಅದಕ್ಕೆ ಸಹಿ ಹಾಕಿದ್ದರೂ ಆ ಸಾಲು 45 ದಿನದ ಆಚೆಗೆ ನಡೆಯದು.

ಎಣಿಕೆ ಯಾವ ದಿನದಿಂದ? ಜಗಳ ಹುಟ್ಟುವುದೇ ಇಲ್ಲಿ. ಮಾಲು ತಲುಪಿದ 15 ದಿನದೊಳಗೆ ಖರೀದಿದಾರ ಬರಹದಲ್ಲಿ ತಕರಾರು ಹೇಳದಿದ್ದರೆ, ಮಾಲು ತಲುಪಿದ ದಿನವೇ ಒಪ್ಪಿಕೊಂಡ ದಿನ. ಮೂರು ತಿಂಗಳಾದ ಮೇಲೆ ಫೋನಿನಲ್ಲಿ ‘ನಿಮ್ಮ ಮಾಲಲ್ಲಿ ರಿಜೆಕ್ಷನ್ ಜಾಸ್ತಿ’ ಎಂದರೆ ಅದರಿಂದ ಈ ಗಡುವು ಮುಂದಕ್ಕೆ ಹೋಗುವುದಿಲ್ಲ. ಆದರೆ ಮಾಲು ತಲುಪಿದ್ದು ಯಾವತ್ತು ಎಂದು ತೋರಿಸಬೇಕಾದವರು ನೀವು. ಡೆಲಿವರಿ ಚಲನ್ ತೆಗೆದು ನೋಡಿ: ಸ್ಟೋರ್ಸ್‌ನ ಸೀಲು ಇರುತ್ತದೆ, ಗೀಚಿದ ಸಹಿ ಇರುತ್ತದೆ, ತಾರೀಖಿನ ಜಾಗ ಖಾಲಿ. ಟೆಂಪೋ ಜೊತೆ ಹೋಗುವ ಹುಡುಗನಿಗೆ ‘ತಾರೀಖು ಹಾಕಿಸದೆ ಗೇಟು ದಾಟಬೇಡ’ ಎಂದು ಹೇಳಿಡುವುದು, ಆಮೇಲೆ ಕಳಿಸುವ ಲಾಯರ್ ನೋಟಿಸಿಗಿಂತ ಅಗ್ಗ.

ಗಡುವು ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಬ್ಯಾಂಕ್ ದರ ಶೇ 5.5 ಇದ್ದರೆ ಬಡ್ಡಿ ಶೇ 16.5, 5 ಲಕ್ಷದ ಮೇಲೆ ವರ್ಷಕ್ಕೆ ಸುಮಾರು 89 ಸಾವಿರ. ‘ಬಡ್ಡಿ ಕೇಳುವುದಿಲ್ಲ’ ಎಂದು ಮೊದಲೇ ಬರೆಸಿಕೊಂಡಿದ್ದರೂ ಕಾಯ್ದೆಯ ಮಾತೇ ಮೇಲು.

ಈ ರಕ್ಷಣೆ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗಷ್ಟೇ, ಮಧ್ಯಮದವರಿಗಿಲ್ಲ. 2025ರ ಏಪ್ರಿಲ್ 1ರಿಂದ ಮಿತಿ ಹಿಗ್ಗಿದೆ. ಯಂತ್ರೋಪಕರಣಗಳ ಮೇಲಿನ ಹೂಡಿಕೆ 25 ಕೋಟಿ, ವಹಿವಾಟು 100 ಕೋಟಿ ರೂಪಾಯಿ ಮೀರದಿದ್ದರೆ ಸಣ್ಣ ಉದ್ಯಮ. ರಿಪೇರಿ, ಸಾಫ್ಟ್‌ವೇರ್‌ನಂಥ ಸೇವೆಗಳೂ ಸೇರುತ್ತವೆ. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ 2021ರಿಂದ ಉದ್ಯಮ್ ನೋಂದಣಿ ಸಿಗುತ್ತಿದೆಯಾದರೂ ಅದು ಬ್ಯಾಂಕಿನ ಆದ್ಯತಾ ಸಾಲಕ್ಕೆ ಮಾತ್ರ. ಸರ್ಟಿಫಿಕೇಟ್ ಕೈಯಲ್ಲಿದೆಯೆಂದು ಅವರು ಬಡ್ಡಿ ಲೆಕ್ಕ ಹಾಕಿ ಕೂರಬಾರದು.

ಉಳಿದವರಲ್ಲಿ ಉದ್ಯಮ್ ನೋಂದಣಿ ಮಾಡಿಸದವರು ಇವತ್ತೇ ಮಾಡಿಸಿ, ಅದರ ಪೋರ್ಟಲ್‌ನಲ್ಲಿ ಶುಲ್ಕವಿಲ್ಲ. ಒಪ್ಪಂದದ ಹೊತ್ತಿಗೆ ನೋಂದಣಿ ಇರಬೇಕು, ಆಮೇಲೆ ಮಾಡಿಸಿದರೆ ಹಿಂದಿನ ವ್ಯವಹಾರಕ್ಕೆ ಸಲ್ಲದು ಎಂದು ಸುಪ್ರೀಂ ಕೋರ್ಟ್ 2022ರ ಮಹಾಕಾಳಿ ಫುಡ್ಸ್ ತೀರ್ಪಿನಲ್ಲಿ ಹೇಳಿತು. 2025ರ ಜನವರಿಯಲ್ಲಿ ಎನ್‌ಬಿಸಿಸಿ ಪ್ರಕರಣದ ಪೀಠ ಇದಕ್ಕೆ ಬೇರೆ ಅಭಿಪ್ರಾಯ ಹೇಳಿ, ಪ್ರಶ್ನೆಯನ್ನು ಮೂವರು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿತು. ಆ ಚರ್ಚೆಯ ಮೇಲೆ ನಿಮ್ಮ ಬಾಕಿಯನ್ನು ಪಣಕ್ಕಿಡುವ ಅಗತ್ಯವೇನಿದೆ?

ಬಡ್ಡಿಯ ಹೆದರಿಕೆಗೆ ಜಗ್ಗದ ಖರೀದಿದಾರರನ್ನು ಕದಲಿಸಿದ್ದು ತೆರಿಗೆ. ಆದಾಯ ತೆರಿಗೆ ಕಾಯ್ದೆಗೆ 2023ರಲ್ಲಿ ಸೇರಿಸಿದ 43ಬಿ(ಎಚ್) ಕಲಮು 2024ರ ಏಪ್ರಿಲ್‌ನಿಂದ ಜಾರಿಗೆ ಬಂತು. ಗಡುವಿನೊಳಗೆ ಕೊಡದ ಹಣವನ್ನು ಖರ್ಚೆಂದು ತೋರಿಸಲು ನಿಜವಾಗಿ ಕೊಟ್ಟ ವರ್ಷದವರೆಗೂ ಕಾಯಬೇಕು. ಮಾರ್ಚ್ ಬಂತೆಂದರೆ ಈಗ ಕಂಪನಿಗಳ ಆಡಿಟರುಗಳೇ ‘ನಿಮ್ಮ ಉದ್ಯಮ್ ನಂಬರ್ ಕೊಡಿ’ ಎಂದು ಕೇಳುತ್ತಾರೆ. ‘ನೋಂದಣಿ ರದ್ದು ಮಾಡಿಸಿದರೆ ಆರ್ಡರ್ ಕೊಡುತ್ತೇವೆ’ ಎನ್ನುವವರೂ ಇದ್ದಾರೆ. ಅದಕ್ಕೆ ಒಪ್ಪಿದರೆ ಕೈಯಲ್ಲಿದ್ದ ಒಂದೇ ಹಗ್ಗವನ್ನೂ ಬಿಟ್ಟುಕೊಟ್ಟ ಹಾಗೆ.

ಇಷ್ಟಾದರೂ ಹಣ ಬರಲಿಲ್ಲವೆಂದರೆ ಆನ್‌ಲೈನ್‌ನಲ್ಲಿ 2006ರ ಕಾಯ್ದೆಯಡಿಯ ಸೌಲಭ್ಯ ಮಂಡಳಿಗೆ ದೂರು ಕೊಡಿ. ಪರ್ಚೇಸ್ ಆರ್ಡರ್, ಇನ್‌ವಾಯ್ಸ್, ಚಲನ್ ಇದ್ದರೆ ಅರ್ಧ ಕೆಲಸ ಮುಗಿದಂತೆ. ಖರೀದಿದಾರ ಮುಂಬೈಯಲ್ಲಿದ್ದರೂ ಪ್ರಕರಣ ನಡೆಯುವುದು ನಿಮ್ಮ ರಾಜ್ಯದ ಮಂಡಳಿಯ ಮುಂದೆ. ಒಪ್ಪಂದದಲ್ಲಿ ‘ವ್ಯಾಜ್ಯ ಬಂದರೆ ದೆಹಲಿಯಲ್ಲಿ ಮಧ್ಯಸ್ಥಿಕೆ’ ಎಂದಿದ್ದರೂ ಅದು ಅಡ್ಡಬಾರದೆಂದು ಮಹಾಕಾಳಿ ತೀರ್ಪೇ ಹೇಳಿದೆ. ಮೊದಲು ರಾಜಿಗೆ ಯತ್ನ, ಆಗದಿದ್ದರೆ ಮಧ್ಯಸ್ಥಿಕೆ. ಕಾಯ್ದೆಯಲ್ಲಿ 90 ದಿನ ಎಂದಿದೆ. ವಾಸ್ತವದಲ್ಲಿ ಅಷ್ಟು ಬೇಗ ಮುಗಿಯುತ್ತದೆಂದು ನಂಬಿ ಯಾರಿಗೂ ಸಾಲದ ಗಡುವು ಹೇಳಬೇಡಿ. ತೀರ್ಪು ನಿಮ್ಮ ಕಡೆ ಬಂದರೆ ಮಾತ್ರ ಒಂದು ಬಲವಿದೆ: ಖರೀದಿದಾರ ಅದನ್ನು ಪ್ರಶ್ನಿಸಬೇಕಾದರೆ ಶೇ 75ರಷ್ಟು ಮೊತ್ತವನ್ನು ಮೊದಲು ಠೇವಣಿ ಇಡಬೇಕು.

ಮೂರು ವರ್ಷ ದಾಟಲು ಬಿಡಬೇಡಿ. ಕಾಲಮಿತಿ ಮೀರಿದ ಬಾಕಿಗೆ ಮಂಡಳಿಯಲ್ಲಿ ರಾಜಿ ಮಾತುಕತೆ ಆಗಬಹುದು, ಮಧ್ಯಸ್ಥಿಕೆ ಆಗದು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಸೋನಾಲಿ ಪವರ್ ಪ್ರಕರಣದಲ್ಲಿ ಹೇಳಿದೆ. ಪ್ರತಿ ಮಾರ್ಚ್‌ನಲ್ಲಿ ಖರೀದಿದಾರನಿಂದ ‘ಇಷ್ಟು ಬಾಕಿ ಇದೆ’ ಎಂಬ ಸಹಿ ಮಾಡಿದ ಪತ್ರ ತೆಗೆದುಕೊಂಡರೆ, ಆ ದಿನದಿಂದ ಮೂರು ವರ್ಷ ಹೊಸದಾಗಿ ಶುರುವಾಗುತ್ತದೆ. ಹಬ್ಬದ ಸ್ವೀಟ್ ಬಾಕ್ಸ್ ಕೊಡಲು ಹೋದಾಗಲೇ ಇದನ್ನೂ ಕೇಳಿಬಿಡಿ, ಕೇಸಿನ ಮುಖ ಮಾಡಿಕೊಳ್ಳಬೇಕಿಲ್ಲ.

ದೂರು ಕೊಟ್ಟರೆ ಮುಂದಿನ ಆರ್ಡರ್ ಹೋಗುತ್ತದೆ ಎಂಬ ಭಯ ಸುಳ್ಳಲ್ಲ. ಅಂಥವರು ಟ್ರೆಡ್ಸ್ ವೇದಿಕೆಯನ್ನು ಕೇಳಿ ನೋಡಬಹುದು. ಅಲ್ಲಿ ಖರೀದಿದಾರ ಒಪ್ಪಿದ ಬಿಲ್ಲಿಗೆ ಬ್ಯಾಂಕು ಸ್ವಲ್ಪ ಮುರಿದುಕೊಂಡು ನಿಮಗೆ ಮೊದಲೇ ಹಣ ಕೊಡುತ್ತದೆ, ವಸೂಲಿ ಆಮೇಲೆ ಅವರಿಂದ. 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳಿಗೆ ಇದರಲ್ಲಿ ನೋಂದಣಿ ಕಡ್ಡಾಯ. ಬಿಲ್ಲನ್ನು ಅಲ್ಲಿ ಹಾಕಲು ಒಪ್ಪಿಸುವ ಕೆಲಸ ಇನ್ನೂ ನಿಮ್ಮದೇ.